ಗಿರಿರಾಜನ ಕಾರು ಓಡುತ್ತಿತ್ತು

ಡಾಕ್ಟರ್ ಗಿರಿರಾಜ್ ಗುರುವಾರ ಬೆಳಿಗ್ಗೆ ಬಸವೇಶ್ವರನಗರದ ತನ್ನ ಮನೆಯಲ್ಲಿ ತೀರಿಕೊಂಡ. ಮೇದೋಜೀರಕ ಗ್ರಂಥಿಯ ಕ್ಯಾನ್ಸರು. ಹಲ್ಲಿನ ಡಾಕ್ಟರಾಗಿದ್ದ, ವಯಸ್ಸು ಐವತ್ತೊಂಬತ್ತು. ಅದೇ ಸಂಜೆ ಕೆಂಗೇರಿಯ ಆಚೆಯ ರುದ್ರಭೂಮಿಯಲ್ಲಿ ಅವರ ಲಿಂಗಾಯತ ಪದ್ಧತಿಯಂತೆ ಅವನನ್ನು ಕೂರಿಸಿ, ವಿಭೂತಿ ಹಚ್ಚಿ ಮಣ್ಣು ಮಾಡಿದೆವು.

ವಾಪಸು ಬರುವಾಗ ಮೆಟ್ರೋದಲ್ಲಿ ಕೂತಿದ್ದೆ. ಚಪ್ಪಲಿಗೆ ಮೆತ್ತಿದ್ದ ಮಣ್ಣು ಇನ್ನೂ ಹಸಿಯಾಗಿತ್ತು. ಫೋನಿನ ಗುಂಪೊಂದರಲ್ಲಿ ಒಂದು ಸಂದೇಶ ಬಂತು. ಹಳೆಯ ಕಾರುಗಳ ಕ್ಲಬ್ಬೊಂದರ ಕಾರ್ಯದರ್ಶಿ ಸಂಪತ್ ಎಂಬಾತ ಬರೆದ ಶ್ರದ್ಧಾಂಜಲಿ. ‘ವಾಹನಗಳ ಮೂಲಸ್ವರೂಪಕ್ಕಾಗಿ ಕೊನೆಯುಸಿರಿನವರೆಗೂ ದುಡಿದ ಸಾಧಕ. ಅವರ ಅಪರೂಪದ ಜರ್ಮನ್ ತ್ರಿಚಕ್ರ ಕಾರು ನಮ್ಮ ಕ್ಲಬ್ಬಿನ ಹೆಮ್ಮೆ.’ ಕೆಳಗೆ ಕೈಮುಗಿದ ಚಿತ್ರಗಳ ಉದ್ದ ಸಾಲು. ನಾಯಂಡಹಳ್ಳಿ ಬರುವಷ್ಟರಲ್ಲಿ ಅದನ್ನು ಮೂರು ಸಲ ಓದಿದೆ. ಎದುರು ಕೂತಿದ್ದವರು ನನ್ನ ಮುಖ ನೋಡಿ ಬೇರೆ ಕಡೆ ತಿರುಗಿದರು.

ಅದು ಸುಳ್ಳು. ಸತ್ತವನು ಎದ್ದು ಬಂದು ಅಲ್ಲ ಎನ್ನಲಾರ ಎಂಬ ಧೈರ್ಯದಿಂದ ಹೇಳಿದ ಸುಳ್ಳು. ನಾನು ಬದುಕಿದ್ದೇನೆ, ನನಗೆ ಬರೆಯಲು ಬರುತ್ತದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿದವನು. ಅದಕ್ಕೇ ಇದು.

ಗಿರಿರಾಜ್ ನನಗೆ ಪರಿಚಯವಾಗಿದ್ದು ನನ್ನದೊಂದು ದವಡೆ ಹಲ್ಲಿನಿಂದ. ವಿಜಯನಗರದ ನನ್ನ ಮನೆಯ ಹತ್ತಿರ ಡಾಕ್ಟರುಗಳಿಗೆ ಬರವಿರಲಿಲ್ಲ. ಆದರೆ ಯಾರೋ ಇವನ ಕೈ ಹಗುರ ಎಂದರು. ಕೈ ಹಗುರವಿತ್ತು, ಬಾಯಿಗೆ ಬಿಡುವಿರಲಿಲ್ಲ. ರಾಣೆಬೆನ್ನೂರಿನಿಂದ ಓದಲು ಬಂದು ಇಲ್ಲೇ ನೆಲೆನಿಂತವನು. ಮನೆಯ ಕೆಳಭಾಗದಲ್ಲಿ ಕ್ಲಿನಿಕ್ಕು, ಹಿಂದೆ ತಾನೂ ಹೆಂಡತಿ ಚೇತನಾಳೂ, ಮೇಲಿನ ಭಾಗ ಬಾಡಿಗೆಗೆ. ನನ್ನ ಬಾಯಿಗೆ ಹತ್ತಿ ತುರುಕಿ, ನಾನು ಉತ್ತರ ಕೊಡಲಾರದ ಸ್ಥಿತಿಯಲ್ಲಿರುವಾಗ ಕೇಳಿದ: “ಸಾರ್, ನೀವು ಹಿಸ್ಟರಿ ಮೇಷ್ಟ್ರಂತೆ. ಯುದ್ಧದಲ್ಲಿ ಜರ್ಮನಿ ಸೋತಮೇಲೆ ವಿಮಾನ ಮಾಡೋ ಕಂಪನಿಗಳು ಏನ್ ಮಾಡಿದ್ವು, ಗೊತ್ತಾ?”

ನಾನು ಗೊತ್ತಿಲ್ಲವೆಂದು ಕಣ್ಣಿನಲ್ಲೇ ಹೇಳಿದೆ.

“ಕಾರು ಮಾಡಿದ್ವು ಸಾರ್. ಮೂರು ಚಕ್ರದ್ದು. ವಿಮಾನ ಮಾಡಕೂಡದು ಅಂತ ಗೆದ್ದವರು ಕಟ್ಟಪ್ಪಣೆ ಮಾಡಿದ್ರು. ಮುಂದೊಂದು ಸೀಟು, ಹಿಂದೊಂದು ಸೀಟು, ತಲೆ ಮೇಲೆ ಗಾಜಿನ ಬುರುಡೆ. ಉಗುಳಿ.”

ಆ ಹಲ್ಲು ಮುಗಿಯುವ ಹೊತ್ತಿಗೆ ನನಗೆ ಯುರೋಪಿನ ಪುಟ್ಟ ಕಾರುಗಳ ಚರಿತ್ರೆಯೆಲ್ಲ ಬಂದಿತ್ತು. ಮೊದಲನೆಯ ಮಹಾಯುದ್ಧದ ಆಸುಪಾಸಿನ ಸೈಕಲ್ ಕಾರುಗಳಿಂದ ಅವನು ಶುರು ಮಾಡುತ್ತಿದ್ದ. ಕಾರು ಕೊಳ್ಳಲಾರದ, ಮೋಟಾರ್ ಸೈಕಲ್ಲಿನಲ್ಲಿ ಹೆಂಡತಿಯನ್ನು ಮಳೆಯಲ್ಲಿ ನೆನೆಸಲು ಮನಸ್ಸಿಲ್ಲದ ಜನರಿಗಾಗಿ, ಮರದ ಚೌಕಟ್ಟಿಗೆ ಸೈಕಲ್ಲಿನಂಥ ಗಾಲಿ ಸಿಕ್ಕಿಸಿ, ಸಿಕ್ಕಿದ ಮೋಟಾರ್ ಸೈಕಲ್ ಎಂಜಿನ್ನು ಕೂರಿಸಿ ಮಾಡಿದ ಗಾಡಿಗಳು. ಒಂದು ಫ್ರೆಂಚ್ ಗಾಡಿಯಲ್ಲಿ ಓಡಿಸುವವನು ಹಿಂದೆ, ಪ್ರಯಾಣಿಕ ಮುಂದೆ. “ಡಿಕ್ಕಿ ಆದ್ರೆ ಮೊದಲು ಹೋಗೋದು ಅತ್ತೆ!” ಎಂದು ನಗುತ್ತಿದ್ದ. ಎರಡನೆಯ ಯುದ್ಧ ಮುಗಿದಾಗ ಮತ್ತೆ ಅದೇ ಬಡತನ, ಮತ್ತೆ ಅವೇ ಗಾಡಿಗಳು, ಈ ಸಲ ತಗಡಿನವು.

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಈ ಗಾಡಿಗಳು ಹುಟ್ಟಿದ್ದೇ ಇನ್ನೊಂದರ ಎಂಜಿನ್ನಿನಿಂದ. ಪಂಪಿನದೋ, ಬೈಕಿನದೋ, ಕೈಗೆ ಸಿಕ್ಕಿದ್ದು. ಅದು ಅವುಗಳ ಕುಲ. ‘ಮೂಲಸ್ವರೂಪ’ ಎಂಬ ಮಾತನ್ನು ರಾಜರ ಕಾರುಗಳ ಮುಂದೆ ಆಡಿ. ಇವುಗಳ ಮುಂದೆ ಆಡುವವನಿಗೆ ಇವುಗಳ ಬಗ್ಗೆ ಏನೂ ಗೊತ್ತಿಲ್ಲ ಎಂದೇ ಅರ್ಥ.

ಅವನ ಕಾರು ಸಿಕ್ಕಿದ್ದು ಮಾಗಡಿ ರಸ್ತೆಯ ಹಿಂಬದಿಯಲ್ಲಿ ಮುಚ್ಚಿಹೋಗಿದ್ದ ಒಂದು ಗುಂಡಿ ಕಾರ್ಖಾನೆಯ ಶೆಡ್ಡಿನಲ್ಲಿ. ಅಂಗಿಯ ಗುಂಡಿ. ಯಜಮಾನರು ಯಾವುದೋ ಕಾಲದಲ್ಲಿ ಯಂತ್ರಗಳ ಜೊತೆಗೆ ಜರ್ಮನಿಯಿಂದ ತರಿಸಿದ್ದರಂತೆ. ಗಾಜಿನ ಬುರುಡೆ ಇರಲಿಲ್ಲ, ಎಂಜಿನ್ ಇರಲಿಲ್ಲ, ನೆಲದ ತಗಡು ಜರಡಿಯಾಗಿತ್ತು. ಒಳಗೆ ಬೆಕ್ಕು ಮರಿ ಹಾಕಿತ್ತು. ಗಿರಿರಾಜ್ ಬೆಕ್ಕಿನ ಸಂಸಾರ ಬೇರೆ ಕಡೆ ಹೋಗುವವರೆಗೆ ಕಾದು, ಆಮೇಲೆ ತಂದ.

ಅವನೇನೂ ದೊಡ್ಡ ಮೆಕ್ಯಾನಿಕ್ ಅಲ್ಲ. ಇದನ್ನೂ ಹೇಳಬೇಕು, ಸತ್ತವರನ್ನೆಲ್ಲ ಪಂಡಿತರನ್ನಾಗಿ ಮಾಡುವ ಅಭ್ಯಾಸ ನನಗಿಲ್ಲ. ಅವನು ದಂತವೈದ್ಯ, ಎಲ್ಲವನ್ನೂ ಹಲ್ಲಿನಂತೆಯೇ ರಿಪೇರಿ ಮಾಡುತ್ತಿದ್ದ. ತುಕ್ಕು ಹಿಡಿದ ತೂತನ್ನು ಹುಳುಕಿನಂತೆ ಕೊರೆದು ತುಂಬುತ್ತಿದ್ದ. ಹಿಡಿಕೆಗಳ ಮುರಿದ ಗುಬುಟುಗಳಿಗೆ ಪ್ಲಾಸ್ಟರಿನಲ್ಲಿ ಅಚ್ಚು ತೆಗೆಯುತ್ತಿದ್ದ. ಕಾರ್ಬುರೇಟರಿನ ಸಣ್ಣ ರಂಧ್ರಗಳನ್ನು ರೂಟ್ ಕೆನಾಲ್ ಮಾಡುವ ಸೂಜಿಯಿಂದ ಬಿಡಿಸುತ್ತಿದ್ದ. ಹಿಂದಿನ ದೀಪದ ಗಾಜು ಎಲ್ಲೂ ಸಿಗದೆ, ಕಟ್ಟು ಹಲ್ಲಿಗೆ ಬಳಸುವ ವಸ್ತುವಿನಲ್ಲೇ ಒಂದನ್ನು ಎರಕ ಹೊಯ್ದ. ಹಾಗಾಗಿ ಗಾಡಿ ಬ್ರೇಕ್ ಹಾಕಿದಾಗ ಹಿಂದೆ ಕೆಂಪಲ್ಲ, ವಸಡಿನ ಬಣ್ಣ ಹೊಳೆಯುತ್ತಿತ್ತು. ಗಾಜಿನ ಬುರುಡೆಯನ್ನು ರಾಜಾಜಿನಗರದ ಒಬ್ಬ ಅಂಗಡಿ ಬೋರ್ಡು ಮಾಡುವವನು ಹಳೆಯ ಬೋರ್ಡಿನ ಪ್ಲಾಸ್ಟಿಕ್ ಹಾಳೆಯಿಂದ ಬಗ್ಗಿಸಿಕೊಟ್ಟ. ಒಂದು ಮೂಲೆಯಲ್ಲಿ ಯಾವುದೋ ಬೇಕರಿಯ ಹೆಸರಿನ ಗುರುತು ಮಸುಕಾಗಿ ಹಾಗೇ ಉಳಿದಿತ್ತು.

ಎಂಜಿನ್ನಿಗೆ ಬಂದರೆ, ಆಟೋದ ಹಳೆಯ ಟೂ ಸ್ಟ್ರೋಕ್ ಎಂಜಿನ್. ಊರಿನ ಆಟೋಗಳೆಲ್ಲ ಗ್ಯಾಸಿಗೆ ತಿರುಗಿದ ಮೇಲೆ ಗುಜರಿಗಳಲ್ಲಿ ರಾಶಿ ಬಿದ್ದಿದ್ದವು. ಕಾರಿನ ಹಿಂದಿನ ಒಂಟಿ ಚಕ್ರದ ಮುಂದೆ ಅದನ್ನು ಕೂರಿಸಲು ಜಾಗ ಸಾಲಲಿಲ್ಲ, ಸೈಲೆನ್ಸರ್ ತಗಲುತ್ತಿತ್ತು. ಗಿರಿರಾಜ್ ಎಂಜಿನ್ನನ್ನು ಹಿಂದುಮುಂದಾಗಿ ತಿರುಗಿಸಿ ಕೂರಿಸಿದ. ಸರಿಯಾಗಿ ಕೂತಿತು. ಮಗುವಿಗೆ ಮೊದಲ ಹಲ್ಲು ಬಂದಂತೆ ಕುಣಿದಾಡಿದ.

ಆಯುಧ ಪೂಜೆಯ ದಿನ ಉದ್ಘಾಟನೆ. ಮೂರು ಚಕ್ರಗಳ ಮುಂದೆ ಮೂರು ನಿಂಬೆಹಣ್ಣು ಇಟ್ಟಿದ್ದರು. ಮೇಲಿನ ಮನೆಯ ಬಾಡಿಗೆಯವರು, ಬಾಗಲಕೋಟೆ ಕಡೆಯ ಮುತ್ತವ್ವ, ಆರತಿ ಹಿಡಿದು ನಿಂತಿದ್ದರು. ನಾನು ಹಿಂದಿನ ಸೀಟಿನಲ್ಲಿ. ಗಿರಿರಾಜ್ ಬಸವಣ್ಣನ ಹೆಸರು ಹೇಳಿ, ಆಟೋದವರು ಎಳೆಯುವ ಹಾಗೆ ಲಿವರ್ ಎಳೆದು, ಮೊದಲನೆ ಗೇರು ಹಾಕಿ ಕ್ಲಚ್ಚು ಬಿಟ್ಟ. ಗಾಡಿ ರೊಯ್ಯನೆ ಹಿಂದಕ್ಕೆ ಹೋಗಿ ಗೇಟಿಗೆ ಗುದ್ದಿತು.

ಎಂಜಿನ್ ತಿರುಗಿಸಿದರೆ ಅದು ಚಕ್ರ ತಿರುಗಿಸುವ ದಿಕ್ಕೂ ತಿರುಗುತ್ತದೆ ಎಂದು ಅವನಿಗೆ ಹೊಳೆದಿರಲಿಲ್ಲ. ಈಗ ಹಿಂದಕ್ಕೆ ನಾಲ್ಕು ಗೇರು, ಮುಂದಕ್ಕೆ ಒಂದೇ ಒಂದು.

“ಡಾಕ್ಟ್ರ,” ಎಂದರು ಮುತ್ತವ್ವ ಆರತಿ ತಟ್ಟೆ ಸಂಭಾಳಿಸುತ್ತ, “ನಿಂಬಿಹಣ್ಣು ಮುಂದ ಅದಾವ್ರಿ. ನೀವು ಹಿಂದ ಹೊಂಟೀರಿ.”

“ಒರಿಜಿನಲ್‌ನಲ್ಲೂ ನಾಲ್ಕು ರಿವರ್ಸ್ ಗೇರಿತ್ತಮ್ಮ,” ಎಂದ ಗಿರಿರಾಜ್ ಗಂಭೀರವಾಗಿ. “ಜರ್ಮನ್ ಪದ್ಧತಿ ಇದು.”

ಅದು ನಿಜವೂ ಹೌದು. ಆ ಕಾರಿನ ಮೂಲ ಎಂಜಿನ್ನನ್ನು ನಿಲ್ಲಿಸಿ ಉಲ್ಟಾ ತಿರುಗುವಂತೆ ಚಾಲೂ ಮಾಡಿದರೆ ನಾಲ್ಕೂ ಗೇರು ಹಿಂದಕ್ಕೆ ಸಿಗುತ್ತಿದ್ದವು. ಆದರೆ ಜರ್ಮನ್ನರಿಗೆ ಮುಂದಕ್ಕೂ ನಾಲ್ಕು ಇದ್ದವು. ಚೇತನಾ ಬಾಗಿಲಲ್ಲಿ ಕೂತು ಕಣ್ಣೀರು ಬರುವಷ್ಟು ನಕ್ಕಳು. ನಡುವೆ ಇನ್ನೊಂದು ಹಲ್ಲುಚಕ್ರ ಸೇರಿಸಿ ದಿಕ್ಕು ಸರಿಪಡಿಸುವಷ್ಟರಲ್ಲಿ ದೀಪಾವಳಿಯೂ ಕಳೆದಿತ್ತು.

ಆಮೇಲೆ ಅದು ಓಡಿತು. ಇದೇ ನಾನು ಹೇಳಬೇಕಾದ ಮಾತು. ಅದು ಓಡುತ್ತಿತ್ತು. ಭಾನುವಾರ ಬೆಳಿಗ್ಗೆ ಹಾವನೂರು ಸರ್ಕಲ್ಲಿನಿಂದ ಹೊರಟು ವಿಜಯನಗರದ ಮಾರ್ಕೆಟ್ಟಿನಲ್ಲಿ ಸೊಪ್ಪು ಕೊಂಡು, ಮೈಸೂರು ರಸ್ತೆ ಹಿಡಿದು ಕೆಂಗೇರಿಯವರೆಗೂ ಹೋಗಿ ಇಡ್ಲಿ ತಿಂದು ಬರುತ್ತಿದ್ದೆವು. ಮುಂದೆ ಅವನು, ಅವನ ಬೆನ್ನಿಗೆ ಮಂಡಿ ತಾಗಿಸಿಕೊಂಡು ನಾನು, ನನ್ನ ತೊಡೆಯ ಮೇಲೆ ಸೊಪ್ಪು. ಆಟೋದ ಅದೇ ಪಟಪಟ ಸದ್ದು. ಬಸ್ಸಿನ ಕಿಟಕಿಗಳಿಂದ ಜನ ಫೋನು ಹೊರಗೆ ಚಾಚುತ್ತಿದ್ದರು. ಒಮ್ಮೆ ರಾಜರಾಜೇಶ್ವರಿ ನಗರದ ಕಮಾನಿನ ಹತ್ತಿರ ಕ್ಲಚ್ ವೈರು ಹರಿಯಿತು. ಒಬ್ಬ ಆಟೋದವನು ನಿಲ್ಲಿಸಿ, ಒಳಗೆ ಇಣುಕಿ, “ಅಣ್ಣ, ಏನಿದು? ನಮ್ ಗಾಡಿ ಎಂಜಿನ್ನು, ಹೆಲಿಕಾಪ್ಟರ್ ಬಾಡಿ!” ಎಂದು ನಗುತ್ತ ತನ್ನ ಸೀಟಿನಡಿಯಿಂದ ವೈರು ತೆಗೆದು ತಾನೇ ಹಾಕಿಕೊಟ್ಟ. ಅದೇ ಆ ಎಂಜಿನ್ನಿನ ದೊಡ್ಡಸ್ತಿಕೆ. ಬೆಂಗಳೂರಿನಲ್ಲಿ ಎಲ್ಲಿ ಕೆಟ್ಟು ನಿಂತರೂ ಅದರ ಬಂಧು ಒಬ್ಬ ಇರುತ್ತಿದ್ದ.

ಕಥೆಯೊಳಗೆ ಸಂಪತ್ ಬರುವುದು ಇಲ್ಲಿ. ಹಳೆಯ ಕಾರುಗಳ ಮೆರವಣಿಗೆಗೆ ಗಿರಿರಾಜ್ ಪ್ರತಿ ವರ್ಷ ಹೋಗುತ್ತಿದ್ದ, ಪ್ರತಿ ವರ್ಷ ಗೇಟಿನಿಂದಲೇ ವಾಪಸು. “ಡಾಕ್ಟ್ರೇ, ಬೇಜಾರ್ ಮಾಡ್ಕೋಬೇಡಿ, ಇದು ವಿಂಟೇಜ್ ಅಲ್ಲ, ಆಟೋ,” ಎನ್ನುತ್ತಿದ್ದ ಸಂಪತ್. “ಇದನ್ನ ಒಳಗೆ ಬಿಟ್ರೆ ನಾಳೆ ಮೀಟರ್ ಹಾಕ್ಕೊಂಡು ಬರ್ತಾರೆ.” ಸುತ್ತ ನಿಂತವರು ನಗುತ್ತಿದ್ದರು. ಆ ಗುಂಪಿನಲ್ಲಿ ಗಿರಿರಾಜನಿಗೆ ‘ಆಟೋ ಡಾಕ್ಟ್ರು’ ಎಂದೇ ಹೆಸರು. ಅವನೂ ನಗುತ್ತಿದ್ದ. ಆದರೆ ಮರುವರ್ಷ ಮತ್ತೆ ಗಾಡಿಗೆ ಮೇಣ ಉಜ್ಜಿ ಹೋಗುತ್ತಿದ್ದ. ಯಾಕೆ ಹೋಗುತ್ತೀಯ ಎಂದು ನಾನು ರೇಗಿದರೆ, “ಅವರ ಹತ್ರ ಎಷ್ಟು ಚೆನ್ನಾಗಿರೋ ಗಾಡಿಗಳಿವೆ ಕಣೋ ಕೇಶವ,” ಎನ್ನುತ್ತಿದ್ದ. ಅವಮಾನ ಅವನಿಗೆ ಗೊತ್ತಾಗುತ್ತಿರಲಿಲ್ಲವೆಂದಲ್ಲ. ಗಾಡಿ ನೋಡುವ ಆಸೆ ಅದಕ್ಕಿಂತ ದೊಡ್ಡದಿತ್ತು.

ಹೋದ ವರ್ಷ ಮಳೆಗಾಲದಲ್ಲಿ ಅವನ ಕಣ್ಣು ಹಳದಿಯಾಯಿತು. ಪರೀಕ್ಷೆಗಳಾದವು. ಹೆಚ್ಚು ಕಾಲವಿಲ್ಲವೆಂದರು. ಕ್ಲಿನಿಕ್ಕು ಮುಚ್ಚಿದ. ಸುದ್ದಿ ತಿಳಿದ ಸಂಪತ್ ಹಣ್ಣಿನ ಬುಟ್ಟಿ ಹಿಡಿದು ಬಂದ. ಬುಟ್ಟಿಯ ಜೊತೆ ಒಂದು ಸಲಹೆಯನ್ನೂ ತಂದಿದ್ದ. ಅವನ ಗೆಳೆಯನೊಬ್ಬ ತನ್ನ ತೋಟದ ಮನೆಯಲ್ಲಿ ಹಳೆಯ ವಾಹನಗಳ ಮ್ಯೂಸಿಯಂ ಕಟ್ಟಿಸುತ್ತಿದ್ದಾನೆ. ಗಿರಿರಾಜನ ಕಾರನ್ನು ಅಲ್ಲಿ ಗಾಜಿನ ಕೋಣೆಯಲ್ಲಿ ಶಾಶ್ವತವಾಗಿ ಇಡುತ್ತಾರೆ, ಗಿರಿರಾಜನ ಹೆಸರಿನ ಫಲಕದ ಜೊತೆ. ಒಂದೇ ಷರತ್ತು. ಆಟೋ ಎಂಜಿನ್ ತೆಗೆಯಬೇಕು. ಮೂಲ ಎಂಜಿನ್ ಒಂದು ಸಂಪತ್ ಹತ್ತಿರವೇ ಇದೆ, ಪುಕ್ಕಟೆ ಕೊಡುತ್ತಾನೆ.

ಆ ಮೂಲ ಎಂಜಿನ್ನನ್ನು ನಾನು ನೋಡಿದೆ. ಹೊರಗಿನ ಚಿಪ್ಪು ಮಾತ್ರ ಜರ್ಮನಿಯದು. ಒಳಗೆ ಪಿಸ್ಟನ್ನೂ ಇಲ್ಲ, ತಿರುಗುವಂಥದ್ದು ಏನೂ ಇಲ್ಲ. ಬೆಳ್ಳಿಯ ಬಣ್ಣ ಹೊಡೆದಿದ್ದರು.

ಗಿರಿರಾಜ್ ಒಪ್ಪಿಕೊಂಡ.

ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಹಾಸಿಗೆಯ ಪಕ್ಕದಲ್ಲೇ ನಿಂತು ಕೂಗಾಡಿದೆ. “ತಲೆ ಕೆಟ್ಟಿದ್ಯೇನೋ ನಿಂಗೆ? ಅದು ಎಂಜಿನ್ ಅಲ್ಲ, ಎಂಜಿನ್ನಿನ ಹೆಣ. ಓಡೋ ಗಾಡಿಗೆ ಹೆಣ ಕಟ್ತೀಯಾ?”

“ಕೂಗ್ಬೇಡ. ಚೇತನಾ ಮಲಗಿದಾಳೆ.”

“ಮಲಗಿಲ್ಲ, ಕೇಳಿಸ್ಕೋತಾ ಇದೀನಿ. ಕೂಗಿ ಕೇಶವ್, ನೀವಾದ್ರೂ ಕೂಗಿ,” ಎಂದಳು ಚೇತನಾ ಒಳಗಿನಿಂದ.

ಗಿರಿರಾಜ್ ಸೂರು ನೋಡುತ್ತ ಹೇಳಿದ: “ಇದಕ್ಕೆ ಆಟೋ ಎಂಜಿನ್ ಇದ್ರೆ ನಾನು ಸತ್ತು ಒಂದು ವರ್ಷಕ್ಕೇ ಗುಜರಿಗೆ ಹೋಗತ್ತೆ. ಯಾರು ಓಡಿಸ್ತಾರೆ? ನಿಂಗೆ ಮಂಡಿ ನೋವು, ಅವಳಿಗೆ ಭಯ. ಗಾಜಿನ ರೂಮಲ್ಲಿ ಓಡದಿದ್ರೂ ಇರತ್ತಲ್ಲ. ನಾನಂತೂ ಇರಲ್ಲ. ಅದಾದ್ರೂ ಇರ್ಲಿ ಬಿಡೋ.”

ನನಗೆ ಇನ್ನೂ ಸಿಟ್ಟು ಬಂತು. ಸಾಯುವವನ ಭಯವನ್ನು ಮೂಸಿ ನೋಡಿ, ಸರಿಯಾಗಿ ಅದೇ ಜಾಗದಲ್ಲಿ ಕೈ ಹಾಕಿದ್ದ ಸಂಪತ್. ವರ್ಷಗಟ್ಟಲೆ ಗೇಟಿನಲ್ಲಿ ನಿಲ್ಲಿಸಿ ನಕ್ಕವನಿಗೆ ಈಗ ಗಾಡಿ ಬೇಕಾಗಿತ್ತು, ಗಾಡಿಯನ್ನು ಬದುಕಿಸಿದ್ದು ಬೇಡವಾಗಿತ್ತು. ಆಟೋ ಎಂಜಿನ್ ಇಳಿಸಿದರು. ಕ್ಲಿನಿಕ್ಕಿನ ಎಕ್ಸ್‌ರೇ ಕೋಣೆಯಲ್ಲಿ ಗೋಣಿಚೀಲದ ಮೇಲೆ ಇಟ್ಟರು. ಬೆಳ್ಳಿ ಬಣ್ಣದ ಚಿಪ್ಪನ್ನು ಅದರ ಜಾಗಕ್ಕೆ ಬಿಗಿದರು. ವಸಡಿನ ಬಣ್ಣದ ದೀಪ ಕಿತ್ತು ಹೊಸದು ಹಾಕಿದರು.

ಜನವರಿಯ ಪ್ರದರ್ಶನಕ್ಕೆ ಕಾರು ಲಾರಿಯ ಮೇಲೆ ಹೋಯಿತು. ದೊಡ್ಡ ಹೋಟೆಲ್ಲಿನ ಹುಲ್ಲುಹಾಸು. ಕೋಟಿನೊಳಗೆ ಕೋಲಿನಂತಾಗಿದ್ದ ಗಿರಿರಾಜ್ ಕುರ್ಚಿಯ ಮೇಲೆ ಕೂತಿದ್ದ, ಪಕ್ಕದಲ್ಲಿ ನಾನು. ಒಬ್ಬ ಮಹಿಳೆ ಬಂದು ಕಾರನ್ನು ಸುತ್ತಿ ನೋಡಿ, “ಎಷ್ಟು ಮುದ್ದಾಗಿದೆ! ಒಂದ್ಸಲ ಸ್ಟಾರ್ಟ್ ಮಾಡಿ ತೋರಿಸ್ತೀರಾ?” ಎಂದರು. ಗಿರಿರಾಜ್ ಬಾಯಿ ತೆರೆಯುವಷ್ಟರಲ್ಲಿ ಸಂಪತ್ ನಡುವೆ ಬಂದ. “ಮೇಡಂ, ಇಂಥ ಗಾಡಿಗಳನ್ನ ಸ್ಟಾರ್ಟ್ ಮಾಡಬಾರ್ದು. ಇವು ನೋಡೋಕೆ.”

ಆಕೆ ಗಿರಿರಾಜನ ಕಡೆ ತಿರುಗಿದರು. “ನೀವು ಯಾವತ್ತೂ ಓಡಿಸೇ ಇಲ್ವಾ ಸಾರ್?”

ಅವನು ಸಂಪತ್ ಮುಖ ನೋಡಿದ, ನನ್ನ ಮುಖ ನೋಡಿದ. “ಇಲ್ಲ” ಎಂದ.

ಬಹುಮಾನ ಕೊಟ್ಟರು. ಫೋಟೋ ತೆಗೆದರು. ಸಂದೇಶದ ಜೊತೆ ಅವರು ಹಂಚುತ್ತಿರುವುದು ಆ ಫೋಟೋವನ್ನೇ. ಮನೆಗೆ ಬರುವಾಗ ಟ್ಯಾಕ್ಸಿಯಲ್ಲಿ ಗಿರಿರಾಜ್ ಕಿಟಕಿಯ ಕಡೆ ತಿರುಗಿಕೊಂಡೇ ಇದ್ದ. ಕಾರ್ಡ್ ರಸ್ತೆಗೆ ಬಂದಾಗ ಒಂದೇ ಮಾತು ಆಡಿದ: “ಆ ಆಟೋ ಎಂಜಿನ್ನಿಗೆ ಸ್ವಲ್ಪ ಎಣ್ಣೆ ಬಿಡ್ತೀಯಾ ಕೇಶವ? ಸುಮ್ನೆ ಇಟ್ರೆ ಹಿಡ್ಕೊಂಡ್ಬಿಡತ್ತೆ.” ಮಾರನೆಯ ದಿನ ಹೋಗಿ ಬಿಟ್ಟೆ. ಕೈಯಿಂದ ತಿರುಗಿಸಿದೆ, ತಿರುಗಿತು. ಅವನಿಗೆ ಹೋಗಿ ಹೇಳಿದೆ. ತಲೆ ಅಲ್ಲಾಡಿಸಿದ. ಕೊಟ್ಟ ಮಾತು ಹಿಂದಕ್ಕೆ ತೆಗೆದುಕೊಳ್ಳುವುದು ಅವನಿಗೆ ಬರುತ್ತಿರಲಿಲ್ಲ. ಯಾರಿಗೂ ಆಗಲ್ಲ ಎಂದವನಲ್ಲ, ಅದೇ ಅವನ ರೋಗ. ಕ್ಯಾನ್ಸರಿಗಿಂತ ಮೊದಲಿನದು.

ಅವನು ತೀರಿಕೊಳ್ಳುವ ಹಿಂದಿನ ದಿನ, ಬುಧವಾರ, ಪ್ರದರ್ಶನದಿಂದ ಮನೆಗೆ ಮರಳಿದ್ದ ಕಾರನ್ನು ಮ್ಯೂಸಿಯಮ್ಮಿಗೆ ಒಯ್ಯಲು ಲಾರಿ ಬಂತು.

ಆ ಲಾರಿ ಖಾಲಿ ಹೋಯಿತು. ಕಾರು ಈಗಲೂ ಕ್ಲಿನಿಕ್ಕಿನ ಮುಂದಿನ ಪೋರ್ಟಿಕೋದಲ್ಲೇ ಇದೆ. ಬೆಳ್ಳಿ ಚಿಪ್ಪನ್ನು ಶನಿವಾರ ನಾನೇ ಬಿಚ್ಚಿದೆ. ಸಂಪತ್‌ನ ಶ್ರದ್ಧಾಂಜಲಿಯ ಕೆಳಗೆ, ಆ ಕೈಮುಗಿದ ಚಿತ್ರಗಳ ನಡುವೆಯೇ, ಚೇತನಾ ಬರೆದಳು: ‘ನಿಮ್ಮ ಎಂಜಿನ್ ಬಿಚ್ಚಿ ಗೇಟಿನ ಹತ್ತಿರ ಇಟ್ಟಿದೀವಿ. ಬಂದು ತಗೊಂಡ್ಹೋಗಿ.’ ಅವಳನ್ನು ಫೋನಿನ ಆ ಗುಂಪಿನಿಂದ ತೆಗೆದುಹಾಕಿದರು. ಬುಧವಾರ ಗಿರಿರಾಜನನ್ನು ಕಾರಿನಿಂದ ಎತ್ತಿ ಒಳಗೆ ಮಲಗಿಸಿದ ಮೇಲೆ ಅವನು ಮಾತಾಡಲಿಲ್ಲ, ಏನೂ ತಿನ್ನಲಿಲ್ಲ. ಬೆಳಗಿನ ಹೊತ್ತಿಗೆ ಹೋಗಿದ್ದ. ಇದನ್ನೆಲ್ಲ ಮೊದಲೇ ಹೇಳಿಬಿಡುತ್ತಿದ್ದೇನೆ. ಅವನು ಕೊನೆಗೆ ಮಾಡಿದ್ದನ್ನು ಬರೆದ ಮೇಲೆ ಬೇರೇನನ್ನೂ ಬರೆಯುವ ಮನಸ್ಸು ನನಗಿಲ್ಲ.

ಲಾರಿಯ ಹಿಂದೆ ಹಲಗೆ ಇಳಿಬಿಟ್ಟಿದ್ದರು. ನಾಲ್ಕು ಜನ ಆಳುಗಳು. ಸಂಪತ್ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಮೇಲಿನಿಂದ ಮುತ್ತವ್ವ ಕೇಳಿದರು: “ಎಲ್ಲಿಗಿ ಒಯ್ಯಾಕತ್ತೀರಿ ಅದನ್ನ?”

“ಮ್ಯೂಸಿಯಂಗೆ ಅಮ್ಮ.”

“ಅಲ್ಲಿ ಓಡಸ್ತೀರೇನು?”

“ಇಲ್ಲಮ್ಮ, ಗಾಜಿನ ರೂಮಲ್ಲಿ ನಿಲ್ಲಿಸ್ತೀವಿ.”

“ನಿಂದ್ರಸಾಕ ಅಷ್ಟ್ ದೂರ ಯಾಕ್ರೀ? ಇಲ್ಲೇ ನಿಂತೈತಲ್ಲ.”

ಸಂಪತ್ ನಕ್ಕು ಆಳುಗಳ ಕಡೆ ತಿರುಗಿದ. ಗಿರಿರಾಜನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾನೂ ಲಾರಿಯ ಡ್ರೈವರೂ ಹೊರಗೆ ಎತ್ತಿಕೊಂಡು ಬಂದೆವು. ಅವನು ಕಾರನ್ನು ನೋಡುತ್ತ ಇದ್ದು, “ಒಂದ್ಸಲ ಒಳಗೆ ಕೂತ್ಕೋತೀನಿ” ಎಂದ.

“ಅಯ್ಯೋ ಖಂಡಿತ ಡಾಕ್ಟ್ರೇ! ಏಯ್, ಫೋಟೋ ತೆಗೀರೋ,” ಎಂದ ಸಂಪತ್.

ಗಾಜಿನ ಬುರುಡೆಯನ್ನು ಪಕ್ಕಕ್ಕೆ ಎತ್ತಿ ಅವನನ್ನು ಒಳಗೆ ಇಳಿಸಿದೆವು. ಮೈಯಲ್ಲಿ ತೂಕವೇ ಇರಲಿಲ್ಲ. ಅವನು ಗಾಡಿ ತಿರುಗಿಸುವ ಹಿಡಿಕೆಯ ಮೇಲೆ ಕೈಯಿಟ್ಟ. ಬುರುಡೆ ಮುಚ್ಚು ಎಂದು ನನಗೆ ಸನ್ನೆ ಮಾಡಿದ, ಮುಚ್ಚಿದೆ. ಒಳಗಿನಿಂದ ಚಿಲಕ ಹಾಕಿಕೊಂಡ. ಫೋಟೋ ತೆಗೆದಾಯಿತು. ಸ್ವಲ್ಪ ಹೊತ್ತು ಕಾದರು. ಅವನು ಇಳಿಯಲಿಲ್ಲ.

“ಇರ್ಲಿ, ಲಾರಿವರೆಗೂ ಅವರೇ ತರ್ಲಿ. ಒಳ್ಳೇ ವಿಡಿಯೋ ಆಗತ್ತೆ,” ಎಂದ ಸಂಪತ್. “ತಳ್ರೋ.”

ನಾಲ್ಕೂ ಜನ ತಳ್ಳಿದರು. ಗಾಡಿ ಅಲ್ಲಾಡಿತು, ಮುಂದೆ ಹೋಗಲಿಲ್ಲ. ಮತ್ತೆ ತಳ್ಳಿದರು. ಹಿಂದಿನ ಚಕ್ರ ನೆಲಕ್ಕೆ ಉಜ್ಜಿ ಕರ್ರೆಂದಿತು. ಒಬ್ಬ ಬಗ್ಗಿ ನೋಡಿದ. “ಸಾರ್, ಬ್ರೇಕ್ ಹಾಕ್ಬಿಟ್ಟವ್ರೆ.”

ಸಂಪತ್ ಬಂದು ಗಾಜಿಗೆ ಮುಖ ಹತ್ತಿರ ತಂದು, ಬೆರಳಿನಿಂದ ತಟ್ಟಿ, ಮಗುವಿಗೆ ಹೇಳುವ ಹಾಗೆ ಹೇಳಿದ: “ಡಾಕ್ಟ್ರೇ. ಹ್ಯಾಂಡ್ ಬ್ರೇಕು. ಬ್ರೇಕ್ ಬಿಡಿ.”

ಗಿರಿರಾಜ್ ಅವನನ್ನು ನೋಡಿದ.

“ಗೊತ್ತು” ಎಂದ. ಎರಡೂ ಕೈಯಿಂದ ಹಿಡಿದು ಬ್ರೇಕನ್ನು ಇನ್ನೂ ಒಂದು ಸಲ ಕಟಕ್ಕೆಂದು ಮೇಲಕ್ಕೆ ಎಳೆದ.